ಎಸ್3 ಬಕೆಟ್ ಖಾಲಿ: ಗಿಟ್‌ಲ್ಯಾಬ್‌ನ ಬ್ಯಾಕಪ್ ಕ್ರಾನ್ ಸದ್ದಿಲ್ಲದೆ ಕೈಕೊಟ್ಟ ಪ್ರಕರಣ

2017ರ ಜನವರಿ 31ರ ರಾತ್ರಿ, ಪ್ರೋಗ್ರಾಂ ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಲ್ಯಾಬ್.ಕಾಮ್‌ನ ಮುಖ್ಯ ಡೇಟಾಬೇಸ್ ಸರ್ವರ್‌ನಿಂದ ಸುಮಾರು 300 ಜಿಬಿ ಡೇಟಾ ಅಳಿಸಿಹೋಯಿತು. ಅಳಿಸಿದ್ದು ಅವರದೇ ಎಂಜಿನಿಯರ್ ಕೊಟ್ಟ ಒಂದು ಕಮಾಂಡ್, ತಪ್ಪು ಯಂತ್ರದಲ್ಲಿ. ಈ ಪ್ರಕರಣ ಮಾತಿಗೆ ಬಂದಾಗಲೆಲ್ಲ ಜನ ಆ ಡಿಲೀಟ್ ಕಮಾಂಡನ್ನೇ ಹಿಡಿದುಕೊಳ್ಳುತ್ತಾರೆ. ಆದರೆ ಡಿಸ್ಕ್ ಕೆಟ್ಟಿದ್ದರೂ ಅಷ್ಟೇ ನಷ್ಟವಾಗುತ್ತಿತ್ತು. ಸರ್ವರ್ ನೋಡಿಕೊಳ್ಳುವವರು ಬಿಡದೆ ಓದಬೇಕಾದದ್ದು ಅದರ ಮುಂದಿನ ಭಾಗವನ್ನು. ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್ ಸೌಲಭ್ಯ) ದಿನಕ್ಕೊಮ್ಮೆ ಓಡಿಸುತ್ತಿದ್ದ ಬ್ಯಾಕಪ್ ಕೆಲಸ ಸೋಲುತ್ತಲೇ ಇತ್ತು, ಸೋತಾಗ ಮೇಲ್ ಬರುವ ಏರ್ಪಾಡೂ ಇತ್ತು, ಆದರೂ ಸುದ್ದಿ ಯಾರಿಗೂ ಮುಟ್ಟಿರಲಿಲ್ಲ.

ಕಂಪನಿ ಏನನ್ನೂ ಮುಚ್ಚಿಡಲಿಲ್ಲ ಎಂಬುದನ್ನು ಹೇಳಲೇಬೇಕು. ದುರಸ್ತಿಯ ಟಿಪ್ಪಣಿಗಳನ್ನು ಎಲ್ಲರೂ ಓದುವಂತೆ ಗೂಗಲ್ ಡಾಕ್ಸ್‌ನಲ್ಲಿ ಇಟ್ಟರು, ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರ ತೋರಿಸಿದರು, ಫೆಬ್ರುವರಿ 10ರಂದು ವಿವರವಾದ ವರದಿಯನ್ನೂ ಪ್ರಕಟಿಸಿದರು. ಹಾಗಾಗಿಯೇ ಇಷ್ಟು ಒಳಗಿನ ವಿವರ ಇವತ್ತಿಗೂ ಸಿಗುತ್ತದೆ.

ಒಂದು ಸೂಚನೆ: ಕಮಾಂಡ್, ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಇವು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

ಆ ರಾತ್ರಿ ಆದದ್ದು

ಸಮಯಗಳೆಲ್ಲ ಯುಟಿಸಿಯಲ್ಲಿವೆ, ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಿ. 17:20ರ ಸುಮಾರಿಗೆ ಒಬ್ಬ ಎಂಜಿನಿಯರ್ ಬೇರೊಂದು ಪ್ರಯೋಗಕ್ಕಾಗಿ ಮುಖ್ಯ ಡೇಟಾಬೇಸ್‌ನ ಎಲ್‌ವಿಎಂ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ಪ್ರತಿ) ತೆಗೆದು ಸ್ಟೇಜಿಂಗ್ (ಪ್ರಯೋಗದ) ಸರ್ವರ್‌ಗೆ ಹಾಕಿಕೊಂಡರು. 19:00ರ ಹೊತ್ತಿಗೆ ಸ್ಪ್ಯಾಮ್ ಹಾವಳಿಯಿಂದ ಡೇಟಾಬೇಸ್ ಮೇಲೆ ಒತ್ತಡ ಏರಿತು. 23:00ಕ್ಕೆ, ಮುಖ್ಯ ಸರ್ವರ್‌ನ ನಕಲು ಇಟ್ಟುಕೊಳ್ಳುವ ಎರಡನೇ ಸರ್ವರ್ (ರೆಪ್ಲಿಕಾ) ರೆಪ್ಲಿಕೇಷನ್‌ನಲ್ಲಿ ಹಿಂದೆ ಬಿತ್ತು. ಅದಕ್ಕೆ ಬೇಕಿದ್ದ ವಾಲ್ (ಡೇಟಾಬೇಸ್ ಬದಲಾವಣೆಗಳ ದಾಖಲೆ) ತುಣುಕುಗಳನ್ನು ಮುಖ್ಯ ಸರ್ವರ್ ಆಗಲೇ ಅಳಿಸಿಬಿಟ್ಟಿತ್ತು, ಆರ್ಕೈವ್ ಮಾಡುವ ವ್ಯವಸ್ಥೆಯೂ ಇರಲಿಲ್ಲ. ಹಾಗಾಗಿ ಎರಡನೇ ಸರ್ವರ್‌ನ ಡೇಟಾ ಡೈರೆಕ್ಟರಿ ಖಾಲಿ ಮಾಡಿ, ಮುಖ್ಯ ಸರ್ವರ್‌ನ ಪೂರ್ತಿ ನಕಲು ತರುವ ಪಿಜಿ_ಬೇಸ್‌ಬ್ಯಾಕಪ್ ಕಮಾಂಡ್‌ನಿಂದ ಮೊದಲಿನಿಂದ ತುಂಬಬೇಕಾಯಿತು. ಅದು ಒಂದು ಅಕ್ಷರವನ್ನೂ ಹೇಳದೆ ಸುಮ್ಮನೆ ಕೂತಿತು. ಡೈರೆಕ್ಟರಿಯಲ್ಲಿ ಏನೋ ಉಳಿದಿರಬೇಕು ಎಂದುಕೊಂಡು ಮತ್ತೆ ಅಳಿಸಲು ಹೊರಟಾಗ, 23:30ರ ಆಸುಪಾಸಿನಲ್ಲಿ, ಡಿಬಿ2 (ಎರಡನೇ ಸರ್ವರ್) ಬದಲು ಡಿಬಿ1ರಲ್ಲಿ (ಮುಖ್ಯ ಸರ್ವರ್) ಕಮಾಂಡ್ ಓಡಿತು. ಒಂದೆರಡು ಸೆಕೆಂಡಿನಲ್ಲೇ ತಡೆದರೂ ಉಳಿದದ್ದು 4.5 ಜಿಬಿ.

ನಂತರ ಬ್ಯಾಕಪ್ ಹುಡುಕಾಟ. ರೆಪ್ಲಿಕಾ ಆಗಲೇ ಖಾಲಿ. ಮೈಕ್ರೋಸಾಫ್ಟ್‌ನ ಕ್ಲೌಡ್ ಅಜೂರ್‌ನ ಡಿಸ್ಕ್ ಸ್ನ್ಯಾಪ್‌ಶಾಟ್ ಎನ್‌ಎಫ್‌ಎಸ್ (ಫೈಲ್ ಹಂಚುವ) ಸರ್ವರ್‌ಗಳಿಗೆ ಇತ್ತು, ಡೇಟಾಬೇಸ್ ಸರ್ವರ್‌ಗಳಿಗೆ ಇರಲಿಲ್ಲ. ಸ್ಟೇಜಿಂಗ್‌ಗೆಂದು ತಾನಾಗಿ ತೆಗೆಯುತ್ತಿದ್ದ ಎಲ್‌ವಿಎಂ ಸ್ನ್ಯಾಪ್‌ಶಾಟ್ ದಿನಕ್ಕೊಂದೇ. ಉಳಿದದ್ದು ಪಿಜಿ_ಡಂಪ್‌ನ (ಡೇಟಾಬೇಸನ್ನು ಫೈಲ್ ಆಗಿ ಬರೆಯುವ ಪ್ರೋಗ್ರಾಂ) ದೈನಂದಿನ ಬ್ಯಾಕಪ್, ಅಮೆಜಾನ್‌ನ ಆನ್‌ಲೈನ್ ಸಂಗ್ರಹವಾದ ಎಸ್3ಗೆ ಏರಬೇಕಿದ್ದದ್ದು. ತೆರೆದು ನೋಡಿದರೆ ಬಕೆಟ್‌ನಲ್ಲಿ (ಎಸ್3ರಲ್ಲಿ ಫೈಲ್ ಇಡುವ ಜಾಗ) ಏನೂ ಇಲ್ಲ. ಸರ್ವರ್‌ನಲ್ಲಿ ಹುಡುಕಿದವರಿಗೆ ಸಿಕ್ಕಿದ್ದು ಕೆಲವೇ ಬೈಟ್‌ಗಳ ಫೈಲ್‌ಗಳು.

ಸಂಜೆ ಬೇರೆ ಕೆಲಸಕ್ಕೆಂದು ತೆಗೆದ ಆ ಸ್ನ್ಯಾಪ್‌ಶಾಟ್ ಇತ್ತೆಂಬ ಕಾರಣಕ್ಕೆ ನಷ್ಟ ಸುಮಾರು ಆರು ಗಂಟೆಗಳ ಡೇಟಾಗೆ ನಿಂತಿತು: 5,000ದಷ್ಟು ಪ್ರಾಜೆಕ್ಟ್, ಅಷ್ಟೇ ಕಾಮೆಂಟ್, 700ರಷ್ಟು ಹೊಸ ಬಳಕೆದಾರರ ಖಾತೆ. ಗಿಟ್ ರೆಪಾಸಿಟರಿಗಳು ಬೇರೆ ಕಡೆ ಇದ್ದುದರಿಂದ ಉಳಿದವು. ಇದಕ್ಕೆ ಅದೃಷ್ಟ ಅನ್ನಬೇಕೇ ಹೊರತು ವ್ಯವಸ್ಥೆ ಅನ್ನಲಾಗದು.

ಪಿಜಿ_ಡಂಪ್ ಏಕೆ ಸೋಲುತ್ತಿತ್ತು

ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6. ಬ್ಯಾಕಪ್ ಕೆಲಸ ಕರೆಯುತ್ತಿದ್ದ ಪಿಜಿ_ಡಂಪ್ 9.2ರದ್ದು. ಇಷ್ಟೇ ಮೂಲ ದೋಷ.

ಪಿಜಿ_ಡಂಪ್ ತನಗಿಂತ ಹಳೆಯ ಸರ್ವರ್‌ನಿಂದ ಡಂಪ್ ತೆಗೆಯುತ್ತದೆ, ತನಗಿಂತ ಹೊಸ ಮೇಜರ್ ಆವೃತ್ತಿಯದರಿಂದ ತೆಗೆಯುವುದಿಲ್ಲ. ಪ್ರಯತ್ನವನ್ನೂ ಮಾಡದೆ, ಆವೃತ್ತಿ ಹೊಂದುತ್ತಿಲ್ಲ ಎಂದು ಹೇಳಿ ನಿಂತುಬಿಡುತ್ತದೆ. ಹೊಸ ಆವೃತ್ತಿಯ ಒಳರಚನೆ ತಿಳಿಯದೆ ಅರೆಬರೆ ಡಂಪ್ ಕೊಡುವುದಕ್ಕಿಂತ ಇದು ಮೇಲು, ಅದರಲ್ಲಿ ತಕರಾರಿಲ್ಲ. 10ನೇ ಆವೃತ್ತಿಗೆ ಮುಂಚೆ ಮೊದಲ ಎರಡು ಅಂಕಿ ಸೇರಿ ಮೇಜರ್ ಆವೃತ್ತಿ ಆಗುತ್ತಿದ್ದುದರಿಂದ 9.2 ಮತ್ತು 9.6ರ ನಡುವೆ ನಾಲ್ಕು ಆವೃತ್ತಿಗಳ ಅಂತರ. ನೋಡಲು ಎರಡೂ "ಒಂಬತ್ತು" ಅನ್ನಿಸುವುದೇ ಇಲ್ಲಿನ ಮೋಸ.

ಹಳೆಯದು ಏಕೆ ಸಿಕ್ಕಿತು ಎಂಬುದು ಇನ್ನೂ ಸ್ವಾರಸ್ಯದ್ದು. ಗಿಟ್‌ಲ್ಯಾಬ್‌ನ ಆಮ್ನಿಬಸ್ ಪ್ಯಾಕೇಜ್ ಆಗ ಎರಡೂ ಆವೃತ್ತಿಯ ಪೋಸ್ಟ್‌ಗ್ರೆಸ್ ಬೈನರಿಗಳನ್ನು ಹೊತ್ತು ಬರುತ್ತಿತ್ತು. ಯಾವುದನ್ನು ಬಳಸಬೇಕೆಂದು ತಿಳಿಯಲು ಡೇಟಾ ಡೈರೆಕ್ಟರಿಯೊಳಗಿನ ಪಿಜಿ_ವರ್ಷನ್ ಎಂಬ ಪುಟ್ಟ ಫೈಲ್ ಓದುತ್ತಿತ್ತು. ಅದರಲ್ಲಿ 9.6 ಎಂದಿದ್ದರೆ 9.6, ಫೈಲೇ ಇಲ್ಲದಿದ್ದರೆ ಡೀಫಾಲ್ಟ್ 9.2. ಬ್ಯಾಕಪ್ ಓಡುತ್ತಿದ್ದದ್ದು ಅಪ್ಲಿಕೇಷನ್ ಸರ್ವರ್‌ನಲ್ಲಿ. ಅಲ್ಲಿ ಡೇಟಾಬೇಸೇ ಇಲ್ಲ, ಡೇಟಾ ಡೈರೆಕ್ಟರಿ ಇಲ್ಲ, ಆ ಫೈಲೂ ಇಲ್ಲ. ಈ ತರ್ಕದ ಪ್ರಕಾರ ಅದೇ ಕಮಾಂಡನ್ನು ಡೇಟಾಬೇಸ್ ಯಂತ್ರದಲ್ಲಿ ಕೈಯಾರೆ ಓಡಿಸಿದವರಿಗೆ 9.6 ಸಿಗುತ್ತದೆ, ಡಂಪ್ ಸಲೀಸಾಗಿ ಬರುತ್ತದೆ, "ಸರಿಯಾಗಿದೆಯಲ್ಲ" ಎಂದು ಎದ್ದು ಹೋಗುತ್ತಾರೆ. "ನಾನು ಓಡಿಸಿದರೆ ಓಡುತ್ತೆ, ಕ್ರಾನ್‌ನಲ್ಲಿ ಓಡಲ್ಲ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇಂಥದ್ದೇ ಇರುತ್ತದೆ. ಪ್ರೋಗ್ರಾಂ ಹೆಸರು ಅದೇ, ಸಿಕ್ಕಿದ ಬೈನರಿ ಬೇರೆ.

ನಿಮ್ಮಲ್ಲಿ ಪರೀಕ್ಷಿಸುವುದಾದರೆ ಸರ್ವರ್ ಆವೃತ್ತಿಯನ್ನು ಪಿಎಸ್‌ಕ್ಯೂಎಲ್‌ನಲ್ಲಿ "ಶೋ ಸರ್ವರ್_ವರ್ಷನ್" ಎಂದು ಕೇಳಿ, "ಪಿಜಿ_ಡಂಪ್ --ವರ್ಷನ್" ಅನ್ನು ಕ್ರಾನ್ ಓಡುವ ಯಂತ್ರದಲ್ಲೇ, ಕ್ರಾನ್‌ನ ಬಳಕೆದಾರನಾಗಿಯೇ ಓಡಿಸಿ. ಡೆಬಿಯನ್, ಉಬುಂಟುಗಳಲ್ಲಿ /ಯುಎಸ್ಆರ್/ಬಿನ್‌ನಲ್ಲಿ ಇರುವ ಪಿಜಿ_ಡಂಪ್ ನಿಜವಾದ ಬೈನರಿಯಲ್ಲ, ಆವೃತ್ತಿ ಆರಿಸಿ ಮುಂದಕ್ಕೆ ಕಳಿಸುವ ಒಂದು ಪರ್ಲ್ ಸ್ಕ್ರಿಪ್ಟ್. ಅದನ್ನು ನಂಬುವ ಬದಲು ಸ್ಕ್ರಿಪ್ಟ್‌ನಲ್ಲಿ /ಯುಎಸ್ಆರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/16/ಬಿನ್/ಪಿಜಿ_ಡಂಪ್ ಎಂಬಂತೆ ಆವೃತ್ತಿ ಸಮೇತ ಪೂರ್ತಿ ದಾರಿ ಬರೆಯುವುದು ಒಳ್ಳೆಯದು. ಸರ್ವರ್ ಅಪ್‌ಗ್ರೇಡ್ ಆಗಿ ಹಳೆಯ ಪ್ಯಾಕೇಜ್ ತೆಗೆದಾಗ ಸ್ಕ್ರಿಪ್ಟ್ ಜೋರಾಗಿಯೇ ಮುರಿಯುತ್ತದೆ. ಮುರಿಯಬೇಕಾದದ್ದೂ ಹಾಗೆಯೇ.

ಇಪ್ಪತ್ತು ಬೈಟ್‌ನ ಫೈಲ್

ಕೆಲವೇ ಬೈಟ್‌ಗಳ ಬ್ಯಾಕಪ್ ಫೈಲ್ ಹೇಗೆ ಹುಟ್ಟುತ್ತದೆ ಎಂದು ಯಾವ ಲಿನಕ್ಸ್ ಯಂತ್ರದಲ್ಲಾದರೂ ನೋಡಬಹುದು. ಪಿಜಿ_ಡಂಪ್‌ನ ಔಟ್‌ಪುಟ್ ಅನ್ನು ಪೈಪ್ ಮೂಲಕ, ಫೈಲ್ ಕುಗ್ಗಿಸುವ ಜಿಜಿಪ್‌ಗೆ ಕೊಟ್ಟು, > ಚಿಹ್ನೆಯಿಂದ ಫೈಲ್‌ಗೆ ತಿರುಗಿಸುವ ಸಾಲು ಸಾವಿರಾರು ಸರ್ವರ್‌ಗಳಲ್ಲಿದೆ. ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಮೊದಲು ಫೈಲ್ ತೆರೆಯುತ್ತದೆ, ಆಮೇಲೆ ಜಿಜಿಪ್ ಶುರುವಾಗುತ್ತದೆ. ಪಿಜಿ_ಡಂಪ್ ದೂರು ಹೇಳಿ 1 ಎಂಬ ಎಕ್ಸಿಟ್ ಕೋಡ್‌ನೊಂದಿಗೆ (0 ಅಂದರೆ ಗೆಲುವು, ಬೇರೆಲ್ಲ ಸೋಲು) ಸಾಯುತ್ತದೆ. ಜಿಜಿಪ್‌ಗೆ ಬಂದದ್ದು ಖಾಲಿ ಇನ್‌ಪುಟ್. ಖಾಲಿಯನ್ನು ಕುಗ್ಗಿಸುವುದು ಅದರ ದೃಷ್ಟಿಯಲ್ಲಿ ತಪ್ಪೇನಲ್ಲ: 10 ಬೈಟ್ ಹೆಡರ್, 2 ಬೈಟ್ ಖಾಲಿ ಬ್ಲಾಕ್, 8 ಬೈಟ್ ಟ್ರೇಲರ್, ಒಟ್ಟು ಸರಿಯಾಗಿ 20 ಬೈಟ್. ಎಕ್ಸಿಟ್ ಕೋಡ್ 0. ಶೆಲ್ ಇಡೀ ಪೈಪ್‌ಲೈನ್‌ಗೆ ಕೊನೆಯ ಪ್ರೋಗ್ರಾಂನ ಕೋಡನ್ನೇ ಹಚ್ಚುವುದರಿಂದ ಇಡೀ ಸಾಲು ಗೆದ್ದಂತೆ.

ಡೈರೆಕ್ಟರಿಯಲ್ಲಿ ಹೆಸರು ಸರಿ, ತಾರೀಖು ಇವತ್ತಿನದು, ಎಕ್ಸ್‌ಟೆನ್ಷನ್ ಸರಿ. "ಜಿಜಿಪ್ -ಟಿ" ಕೊಟ್ಟು ಫೈಲ್ ಪರೀಕ್ಷಿಸಿದರೂ ಪಾಸಾಗುತ್ತದೆ, ಏಕೆಂದರೆ ಅದು ಕ್ರಮಬದ್ಧವಾದ ಜಿಜಿಪ್ ಫೈಲೇ. ಯಾವುದೇ ಬ್ಯಾಕಪ್ ಡೈರೆಕ್ಟರಿಯಲ್ಲಿ 20 ಬೈಟ್‌ನ ಫೈಲ್‌ಗಳ ಸಾಲು ಕಂಡರೆ ಬೇರೆ ಪುರಾವೆ ಬೇಡ.

ಬ್ಯಾಶ್‌ನಲ್ಲಿ ಮದ್ದು "ಸೆಟ್ -ಓ ಪೈಪ್‌ಫೇಲ್". ಆಗ ಪೈಪ್‌ಲೈನ್‌ನಲ್ಲಿ ಯಾರು ಸೋತರೂ ಇಡೀ ಸಾಲು ಸೋಲುತ್ತದೆ. ಆದರೆ ಕ್ರಾನ್ ಕೆಲಸವನ್ನು ಓಡಿಸುವುದು /ಬಿನ್/ಎಸ್ಎಚ್‌ನಿಂದ, ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅದು ಬ್ಯಾಶ್ ಅಲ್ಲ, ಡ್ಯಾಶ್. ಉಬುಂಟು 22.04ರಲ್ಲಿರುವಂಥ ಡ್ಯಾಶ್‌ಗೆ ಪೈಪ್‌ಫೇಲ್ ಗೊತ್ತಿಲ್ಲ, "ಇಲ್ಲೀಗಲ್ ಆಪ್ಷನ್" ಎಂದು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ತರ್ಕವನ್ನೆಲ್ಲ ಕ್ರಾನ್‌ಟ್ಯಾಬ್ (ಕ್ರಾನ್ ಕೆಲಸಗಳ ಪಟ್ಟಿ) ಸಾಲಿನಲ್ಲಿ ತುರುಕಬೇಡಿ. ಮೊದಲ ಸಾಲಿನಲ್ಲಿ #!/ಬಿನ್/ಬ್ಯಾಶ್ ಇರುವ ಪ್ರತ್ಯೇಕ ಫೈಲ್ ಮಾಡಿ, ಕ್ರಾನ್‌ನಿಂದ ಅದನ್ನು ಕರೆಯಿರಿ. ಕ್ರಾನ್‌ಟ್ಯಾಬ್‌ನಲ್ಲೇ ತಾರೀಖಿನ ಹೆಸರು ಕಟ್ಟಲು ಹೋದವರಿಗೆ ಇನ್ನೊಂದು ಗುಂಡಿ ಕಾದಿದೆ: ಅಲ್ಲಿ % ಚಿಹ್ನೆ ಹೊಸ ಸಾಲಾಗಿ ಬದಲಾಗುತ್ತದೆ, ಅದರ ನಂತರದ್ದೆಲ್ಲ ಕಮಾಂಡ್‌ಗೆ ಇನ್‌ಪುಟ್ ಆಗಿ ಹೋಗುತ್ತದೆ. ಹಿಂದೆ \ ಹಾಕಿದರೆ ಮಾತ್ರ % ಆಗಿಯೇ ಉಳಿಯುತ್ತದೆ.

"ಸೆಟ್ -ಇ" (ಕಮಾಂಡ್ ಸೋತರೆ ಸ್ಕ್ರಿಪ್ಟ್ ನಿಲ್ಲಿಸುವ ಆದೇಶ) ಹಾಕಿದ್ದೇವೆ, ಸಾಕು ಅನ್ನುವವರಿಗೆ ಒಂದು ಮಾತು. ಫಂಕ್ಷನ್‌ನೊಳಗೆ "ಲೋಕಲ್ ಸಾಲು=$(ಕಮಾಂಡ್)" ಎಂದು ಬರೆದರೆ ಕಮಾಂಡ್ ಸೋತದ್ದು ಕಾಣುವುದೇ ಇಲ್ಲ, ಉಳಿಯುವುದು ಲೋಕಲ್‌ನ ಸ್ವಂತ ಎಕ್ಸಿಟ್ ಕೋಡ್, ಅದು 0. ಘೋಷಣೆ ಒಂದು ಸಾಲು, ಬೆಲೆ ತುಂಬುವುದು ಇನ್ನೊಂದು ಸಾಲು ಮಾಡಿ.

ಮೇಲ್ ಹೊರಟಿತ್ತು, ಬಾಗಿಲಲ್ಲೇ ವಾಪಸಾಗುತ್ತಿತ್ತು

ಗಿಟ್‌ಲ್ಯಾಬ್‌ನವರು ಕ್ರಾನ್ ಸೋಲಿನ ಮೇಲ್‌ಗಳನ್ನು ಆಫ್ ಮಾಡಿರಲಿಲ್ಲ, ಅವು ಹೋಗುತ್ತಲೇ ಇದ್ದವು. ಆದರೆ ಕ್ರಾನ್ ಮೇಲ್‌ಗಳು ಡಿಮಾರ್ಕ್‌ಗೆ (ಮೇಲ್ ಕಳಿಸಿದವರು ಅಸಲಿಯೇ ಎಂದು ಪರೀಕ್ಷಿಸುವ ನಿಯಮ) ತಕ್ಕಂತೆ ಇರಲಿಲ್ಲ, ಹಾಗಾಗಿ ಪಡೆಯುವ ಕಡೆಯ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಪಾಠಕ್ಕೆ ಬೇಕಾದ ಭಾಗ ಆವೃತ್ತಿಯ ಗೊಂದಲಕ್ಕಿಂತ ಹೆಚ್ಚಾಗಿ ಇದೇ. ಬೈನರಿ ತಪ್ಪಿದ್ದನ್ನು ಒಂದೇ ಮೇಲ್ ಮರುದಿನ ಬೆಳಿಗ್ಗೆ ಹೇಳಿಬಿಡುತ್ತಿತ್ತು.

ಕ್ರಾನ್‌ಗೆ ಸೋಲು ಗೆಲುವಿನ ಪರಿವೆಯಿಲ್ಲ. ಕೆಲಸದಿಂದ ಔಟ್‌ಪುಟ್ ಬಂತೋ, ಅದನ್ನು ಮೇಲ್‌ಟು ಎಂಬ ವೇರಿಯಬಲ್‌ನಲ್ಲಿರುವ ವಿಳಾಸಕ್ಕೆ, ಸ್ಥಳೀಯ ಸೆಂಡ್‌ಮೇಲ್ ಮೂಲಕ ಕಳಿಸುತ್ತದೆ. ಔಟ್‌ಪುಟ್ ಇಲ್ಲವೋ, ಎಕ್ಸಿಟ್ ಕೋಡ್ 1 ಆಗಿರಲಿ 100 ಆಗಿರಲಿ, ಮೇಲ್ ಇಲ್ಲ. ಹಾಗಾಗಿ ಸಾಲಿನ ಕೊನೆಗೆ ಅಭ್ಯಾಸಬಲದಿಂದ "> /ಡೆವ್/ನಲ್ 2>&1" ಅಂಟಿಸಿದವರು ದೂರು ಹೇಳುವ ಬಾಯಿಗೇ ಬಟ್ಟೆ ತುರುಕಿದ್ದಾರೆ. ಮಾಮೂಲಿ ಮಾತುಗಳನ್ನು ಲಾಗ್ ಫೈಲ್‌ಗೆ ಕಳಿಸಿ, ಎರರ್ ಹಾದಿಯನ್ನು ತೆರೆದಿಡಿ.

ಮೇಲ್ ಹೊರಟರೂ ದಾರಿಯಲ್ಲಿ ಸಾಯುವ ಜಾಗಗಳಿವೆ. ಕ್ಲೌಡ್‌ನಲ್ಲಿ ಎಬ್ಬಿಸಿದ ಹೊಸ ಯಂತ್ರದಲ್ಲಿ ಮೇಲ್ ಸರ್ವರೇ ಇರುವುದಿಲ್ಲ. ಆಗ ಡೆಬಿಯನ್ ಕ್ರಾನ್ ಲಾಗ್‌ನಲ್ಲಿ "ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್" ಎಂದು ಒಂದು ಸಾಲು ಬರೆದು ಎಲ್ಲವನ್ನೂ ಎಸೆಯುತ್ತದೆ. ಮೇಲ್ ಸರ್ವರ್ ಇದ್ದರೆ ಪತ್ರ ಹೊರಡುವುದು ರೂಟ್@ಯಂತ್ರದ-ಹೆಸರು ಎಂಬ ವಿಳಾಸದಿಂದ. ನಿಮ್ಮ ಡೊಮೈನ್‌ನ ಡಿಎನ್‌ಎಸ್‌ನಲ್ಲಿ ಡಿಮಾರ್ಕ್ ನೀತಿ "ರಿಜೆಕ್ಟ್" ಎಂದಿದ್ದರೆ, ಸಬ್‌ಡೊಮೈನ್‌ಗೆ ಬೇರೆ ನೀತಿ ಬರೆಯದ ಹೊರತು, ಅದು ಆ ಯಂತ್ರದ ಹೆಸರಿಗೂ ಅನ್ವಯ. ಪಡೆಯುವ ಸರ್ವರ್ ಎರಡು ಪ್ರಶ್ನೆ ಕೇಳುತ್ತದೆ: ಈ ಐಪಿ ವಿಳಾಸ ಎಸ್‌ಪಿಎಫ್ ದಾಖಲೆಯಲ್ಲಿ (ಮೇಲ್ ಕಳಿಸಲು ಅನುಮತಿ ಇರುವ ವಿಳಾಸಗಳ ಪಟ್ಟಿ) ಇದೆಯೇ, ಪತ್ರದ ಮೇಲೆ ಅದೇ ಡೊಮೈನ್‌ನ ಡಿಕಿಮ್ ಸಹಿ ಇದೆಯೇ. ಒಂದಕ್ಕಾದರೂ ಹೌದು ಎಂಬ ಉತ್ತರ ಸಿಗದಿದ್ದರೆ 550 ಎಂದು ಹೇಳಿ ಕದ ಮುಚ್ಚುತ್ತದೆ. ಕಂಪನಿಯ ಮೇಲ್ ಭದ್ರ ಮಾಡಲು ಯಾರೋ ನೀತಿಯನ್ನು ಬಿಗಿ ಮಾಡಿದ ದಿನವೇ ಎಲ್ಲ ಸರ್ವರ್‌ಗಳ ಕ್ರಾನ್ ಮೇಲ್ ಒಟ್ಟಿಗೆ ನಿಂತುಹೋಗುವುದುಂಟು. ಬೌನ್ಸ್ ಆದ ಸುದ್ದಿಯಾದರೂ ಯಾರಿಗೆ? ಕಳಿಸಿದ ರೂಟ್‌ಗೆ, ಅಂದರೆ ಅದೇ ಯಂತ್ರದ /ವಾರ್/ಮೇಲ್/ರೂಟ್ ಫೈಲ್‌ಗೆ. ಅದನ್ನು ತೆರೆದು ನೋಡುವವರು ಎಷ್ಟು ಜನ!

ಪೋಸ್ಟ್‌ಫಿಕ್ಸ್ ಇದ್ದರೆ ಮೇಲ್ ಲಾಗ್‌ನಲ್ಲಿ "ಸ್ಟೇಟಸ್=ಬೌನ್ಸ್ಡ್" ಎಂದು ಗ್ರೆಪ್ ಮಾಡಿ. "ಸ್ಟೇಟಸ್=ಸೆಂಟ್" ಕಂಡರೆ ಮುಂದಿನ ಸರ್ವರ್ ಪತ್ರ ಇಸಿದುಕೊಂಡಿದೆ ಎಂದಷ್ಟೇ ಅರ್ಥ, ಅದು ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿರಬಹುದು. ಖಚಿತವಾದ ಪರೀಕ್ಷೆ ಒಂದೇ. ಒಂದು ಎರರ್ ಸಾಲು ಬರೆದು ಸಾಯುವ ಕೆಲಸವನ್ನು ಕ್ರಾನ್‌ಗೆ ಹಾಕಿ, ಮೇಲ್ ನಿಜವಾಗಿ ಮನುಷ್ಯನ ಇನ್‌ಬಾಕ್ಸ್‌ಗೆ ಬಂತೇ ನೋಡಿ. ಬಂದ ಪತ್ರದ ಮೂಲರೂಪದಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಫಲಿತಾಂಶ ಓದಿ. ಯಂತ್ರವೇ ನೇರವಾಗಿ ಮೇಲ್ ಕಳಿಸುವ ಬದಲು, ಡಿಕಿಮ್ ಸಹಿ ಹಾಕುವ ಒಂದು ಅಧಿಕೃತ ರಿಲೇ ಮೂಲಕ ಕಳಿಸುವಂತೆ ಮಾಡುವುದು ಬಾಳಿಕೆ ಬರುವ ಪರಿಹಾರ.

ಹಳೆಯದನ್ನು ಅಳಿಸುವ ಸಾಲು

ಬಕೆಟ್ ಪೂರ್ತಿ ಖಾಲಿ ಏಕಿತ್ತು? ಹಳೆಯ ಬ್ಯಾಕಪ್‌ಗಳನ್ನು ತೆರವು ಮಾಡುವ ಲೈಬ್ರರಿಯೇ ಅವನ್ನೂ ಅಳಿಸಿರಬಹುದು ಎಂಬ ಊಹೆ ಆ ರಾತ್ರಿಯ ಟಿಪ್ಪಣಿಗಳಲ್ಲಿದೆ. ಅದು ಊಹೆಯೇ ಆದರೂ, ಈ ಬಗೆಯ ಅಪಘಾತಕ್ಕೆ ನಮ್ಮ ಸ್ಕ್ರಿಪ್ಟ್‌ಗಳೆಲ್ಲ ಬಾಗಿಲು ತೆರೆದಿಟ್ಟಿವೆ. ಡಂಪ್ ತೆಗೆ, ಅಪ್‌ಲೋಡ್ ಮಾಡು, ಏಳು ದಿನಕ್ಕಿಂತ ಹಳೆಯದನ್ನು ಫೈಂಡ್ -ಡಿಲೀಟ್‌ನಿಂದ ಅಳಿಸು: ಮೂರು ಸಾಲು, ಒಂದಕ್ಕೊಂದು ಸಂಬಂಧವಿಲ್ಲದಂತೆ. ಮೊದಲ ಸಾಲು ಸೋಲಲು ಶುರುವಾಗಿ ಎಂಟೊಂಬತ್ತು ದಿನಕ್ಕೆ ಮೂರನೇ ಸಾಲು ಕೊನೆಯ ಒಳ್ಳೆಯ ಪ್ರತಿಯನ್ನು ಅಳಿಸಿರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಅಳಿಸುವುದನ್ನು ದಿನದ ಲೆಕ್ಕದಲ್ಲಿ ಮಾಡಬೇಡಿ, ಪರೀಕ್ಷೆ ಪಾಸಾದ ಪ್ರತಿಗಳ ಸಂಖ್ಯೆಯ ಲೆಕ್ಕದಲ್ಲಿ ಮಾಡಿ. ಹೊಸದೊಂದು ಪಾಸಾದರೆ ಮಾತ್ರ ಅತಿ ಹಳೆಯದೊಂದು ಹೋಗಲಿ.

ನಿಮ್ಮ ಸರ್ವರ್‌ನಲ್ಲಿ ಜಾಡು ಹಿಡಿಯುವ ಕ್ರಮ

ಮೊದಲು ಕೆಲಸದ ಫಲವನ್ನು ನೋಡಿ, ಕ್ರಾನ್‌ಟ್ಯಾಬ್ ಆಮೇಲೆ. ಸರಿಯಾದ ಗಾತ್ರದ ಕೊನೆಯ ಫೈಲ್ ಯಾವ ತಾರೀಖಿನದು? ಆ ತಾರೀಖಿನ ಹಿಂದುಮುಂದಿನ ಒಂದೆರಡು ದಿನಗಳ ಪ್ಯಾಕೇಜ್ ಅಪ್‌ಡೇಟ್ ಲಾಗ್, ಪಾಸ್‌ವರ್ಡ್ ಬದಲಾವಣೆ, ಡಿಸ್ಕ್ ತುಂಬಿದ ದಾಖಲೆ ತೆಗೆದರೆ ಅರ್ಧ ಪ್ರಕರಣಗಳು ಅಲ್ಲೇ ಬಗೆಹರಿಯುತ್ತವೆ.

ನಂತರ ಕೆಲಸ ಶುರುವಾಯಿತೇ ಎಂಬ ಪ್ರಶ್ನೆ. ಡೆಬಿಯನ್, ಉಬುಂಟುಗಳಲ್ಲಿ "ಜರ್ನಲ್‌ಸಿಟಿಎಲ್ -ಯು ಕ್ರಾನ್", ರೆಡ್ ಹ್ಯಾಟ್ ಬಳಗದಲ್ಲಿ ಸೇವೆಯ ಹೆಸರು ಕ್ರಾಂಡ್, ಲಾಗ್ /ವಾರ್/ಲಾಗ್/ಕ್ರಾನ್. ಅಲ್ಲಿ ಬಳಕೆದಾರನ ಹೆಸರು, "ಸಿಎಂಡಿ" ಮತ್ತು ಕಮಾಂಡ್ ಇರುವ ಸಾಲು ಕಂಡರೆ ಶುರುವಾಯಿತು ಎಂದಷ್ಟೇ ಗೊತ್ತಾಗುತ್ತದೆ. ಹೇಗೆ ಮುಗಿಯಿತೆಂದು ಡೆಬಿಯನ್ ಕ್ರಾನ್ ತಾನಾಗಿ ಬರೆಯುವುದಿಲ್ಲ. /ಇಟಿಸಿ/ಡೀಫಾಲ್ಟ್/ಕ್ರಾನ್ ಫೈಲ್‌ನ ಎಕ್ಸ್‌ಟ್ರಾ_ಆಪ್ಟ್ಸ್‌ನಲ್ಲಿ "-ಎಲ್ 5" ಹಾಕಿ ಕ್ರಾನ್ ರೀಸ್ಟಾರ್ಟ್ ಮಾಡಿದರೆ, ಶುರುವಾದದ್ದಕ್ಕೆ 1, ಸೋತದ್ದಕ್ಕೆ 4 ಸೇರಿ, ಸೋತ ಕೆಲಸದ ಎಕ್ಸಿಟ್ ಕೋಡ್ ಕೂಡ ಲಾಗ್‌ಗೆ ಬೀಳುತ್ತದೆ. ಹತ್ತು ಸೆಕೆಂಡಿನ ಕೆಲಸ, ಮಾಡಿಟ್ಟವರು ಕಡಿಮೆ.

ಸಿಎಂಡಿ ಸಾಲೇ ಇಲ್ಲದಿದ್ದರೆ ದೋಷ ಸ್ಕ್ರಿಪ್ಟ್‌ನಲ್ಲಿಲ್ಲ. /ಇಟಿಸಿ/ಕ್ರಾನ್.ಡೈಲಿಯಲ್ಲಿ ಫೈಲ್ ಹೆಸರು "ಬ್ಯಾಕಪ್.ಎಸ್ಎಚ್" ಎಂದಿದ್ದರೆ ಡೆಬಿಯನ್ ಅದನ್ನು ಓಡಿಸುವುದೇ ಇಲ್ಲ, ಹೆಸರಿನಲ್ಲಿ ಚುಕ್ಕಿ ಇರಕೂಡದು. ಯಾವ ಫೈಲ್‌ಗಳು ಓಡುತ್ತವೆಂದು "ರನ್-ಪಾರ್ಟ್ಸ್ --ಟೆಸ್ಟ್" ತೋರಿಸುತ್ತದೆ. /ಇಟಿಸಿ/ಕ್ರಾನ್.ಡಿಯ ಫೈಲ್ ರೂಟ್ ಒಡೆತನದಲ್ಲಿರಬೇಕು, ಬೇರೆಯವರಿಗೆ ಬರೆಯುವ ಅನುಮತಿ ಇರಬಾರದು, ಕೊನೆಯ ಸಾಲು ಎಂಟರ್‌ನಿಂದ ಮುಗಿದಿರಬೇಕು. ಸೇವಾ ಖಾತೆಯ ಪಾಸ್‌ವರ್ಡ್ ಅವಧಿ ಮುಗಿದರೂ ಪ್ಯಾಮ್ (ಖಾತೆ ಪರಿಶೀಲಿಸುವ ವ್ಯವಸ್ಥೆ) ತಡೆದು ಕೆಲಸ ನಿಲ್ಲುತ್ತದೆ, "ಚೇಜ್ -ಎಲ್" ಕೊಟ್ಟು ನೋಡಿ. ಸರ್ವರ್ ಯುಟಿಸಿಯಲ್ಲಿದ್ದು ನೀವು ರಾತ್ರಿ 2ಕ್ಕೆಂದು ಬರೆದಿದ್ದರೆ ಅದು ನಮ್ಮ ಬೆಳಿಗ್ಗೆ ಏಳೂವರೆಗೆ ಓಡುತ್ತದೆ. ಸಮಯ ವಲಯ ಬದಲಿಸಿದ ಮೇಲೆ ಕ್ರಾನ್ ರೀಸ್ಟಾರ್ಟ್ ಮಾಡಲು ಮರೆಯಬೇಡಿ.

ಸಿಎಂಡಿ ಸಾಲು ಇದ್ದು ಫಲ ಇಲ್ಲದಿದ್ದರೆ, ಸ್ಕ್ರಿಪ್ಟನ್ನು ಕ್ರಾನ್‌ನ ಬಡತನದಲ್ಲೇ ಓಡಿಸಿ ನೋಡಬೇಕು. ನಿಮ್ಮ ಲಾಗಿನ್ ಶೆಲ್‌ಗೆ ಪ್ರೊಫೈಲ್ ಫೈಲ್‌ಗಳಿಂದ ಹತ್ತಾರು ವೇರಿಯಬಲ್ ಬಂದಿರುತ್ತವೆ, ಡೆಬಿಯನ್ ಕ್ರಾನ್‌ನ ಪಾತ್‌ನಲ್ಲಿ ಇರುವುದು /ಯುಎಸ್ಆರ್/ಬಿನ್ ಮತ್ತು /ಬಿನ್ ಮಾತ್ರ. ಸಾಲು ಹೀಗೆ:

ಎನ್ವ್ -ಐ ಹೋಮ್=/ರೂಟ್ ಲಾಗ್‌ನೇಮ್=ರೂಟ್ ಶೆಲ್=/ಬಿನ್/ಎಸ್ಎಚ್ ಪಾತ್=/ಯುಎಸ್ಆರ್/ಬಿನ್:/ಬಿನ್ /ಬಿನ್/ಎಸ್ಎಚ್ -ಸಿ '/ಯುಎಸ್ಆರ್/ಲೋಕಲ್/ಬಿನ್/ಡಿಬಿ-ಬ್ಯಾಕಪ್'; ಎಕೋ $?

(ವೇರಿಯಬಲ್ ಹೆಸರುಗಳು ದೊಡ್ಡಕ್ಷರದಲ್ಲಿ.) ಡೇಟಾಬೇಸ್ ಪಾಸ್‌ವರ್ಡ್ ಫೈಲ್ ಹೋಮ್ ಡೈರೆಕ್ಟರಿಯಲ್ಲಿದ್ದರೆ ಹೋಮ್ ಯಾರದೆಂಬುದು ಇಲ್ಲಿ ಬಯಲಾಗುತ್ತದೆ. ಪೋಸ್ಟ್‌ಗ್ರೆಸ್‌ನ ಪಿಜಿಪಾಸ್ ಫೈಲ್‌ಗೆ 0600ಕ್ಕಿಂತ ಸಡಿಲ ಅನುಮತಿ ಇದ್ದರೆ ಅದನ್ನು ಓದುವುದೇ ಇಲ್ಲ. ಪಾಸ್‌ವರ್ಡ್ ಕೇಳಲು ಮುಂದೆ ಟರ್ಮಿನಲ್ ಇಲ್ಲದಾಗ ಕೆಲಸ ಸೋಲುತ್ತದೆ, ಸ್ಪಷ್ಟವಾಗಿ ಸೋಲಲೆಂದೇ "--ನೋ-ಪಾಸ್‌ವರ್ಡ್" ಹಾಕಿಡಿ.

ಇನ್ನೊಂದು ಬಗೆ, ಸೋಲೂ ಇಲ್ಲ ಗೆಲುವೂ ಇಲ್ಲ, ಆ ರಾತ್ರಿ ಪಿಜಿ_ಬೇಸ್‌ಬ್ಯಾಕಪ್ ಕೂತಂತೆ ಕೂತುಬಿಡುವುದು. ಒಂದರ ಮೇಲೊಂದು ಓಡದಿರಲಿ ಎಂದು "ಎಫ್‌ಲಾಕ್ -ಎನ್" ಹಾಕಿದ್ದರೆ, ಮೊದಲನೆಯದು ಸಿಕ್ಕಿಕೊಂಡ ಮೇಲೆ ಪ್ರತಿದಿನದ ಓಟವೂ ಬೀಗ ಸಿಗದೆ, ಮಾತಿಲ್ಲದೆ, ಕೋಡ್ 1ರೊಂದಿಗೆ ಹಿಂದಿರುಗುತ್ತದೆ. ಒಳಗಿನ ಕಮಾಂಡ್‌ಗೆ "ಟೈಮೌಟ್ 3ಎಚ್" ಹಚ್ಚಿ. ಮೂರು ಗಂಟೆ ಮೀರಿದರೆ ಅದು ಕೊಂದುಹಾಕಿ 124 ಎಂಬ ಕೋಡ್ ಕೊಡುತ್ತದೆ.

ದುರಸ್ತಿಯಾದ ಸ್ಕ್ರಿಪ್ಟ್, ಹೊರಗಿನ ಕಾವಲು

ಸ್ಕ್ರಿಪ್ಟ್‌ನ ಆಕಾರ ಹೀಗಿರಲಿ. ಮೊದಲು "ಸೆಟ್ -ಇಯುಓ ಪೈಪ್‌ಫೇಲ್". ಪೈಪ್‌ನ ಗೋಜೇ ಬೇಡವೆಂದರೆ ಪಿಜಿ_ಡಂಪ್‌ನ ಕಸ್ಟಮ್ ಫಾರ್ಮ್ಯಾಟ್, "-ಎಫ್‌ಸಿ", ಬಳಸಿ; ಅದು ತಾನೇ ಕುಗ್ಗಿಸುತ್ತದೆ. ಬರೆಯುವುದು ".ಪಾರ್ಷಿಯಲ್" ಎಂದು ಮುಗಿಯುವ ತಾತ್ಕಾಲಿಕ ಹೆಸರಿಗೆ. ಮುಗಿದ ಮೇಲೆ "ಪಿಜಿ_ರಿಸ್ಟೋರ್ --ಲಿಸ್ಟ್" ಅದನ್ನು ಓದಬಲ್ಲದೇ, ಮುಖ್ಯ ಟೇಬಲ್‌ಗಳ ಹೆಸರು ಅದರಲ್ಲಿವೆಯೇ ಎಂದು ನೋಡಿ. ಸರಳ ಎಸ್‌ಕ್ಯೂಎಲ್ ಡಂಪ್ ಆದರೆ ಕೊನೆಯಲ್ಲಿ "ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ ಡಂಪ್ ಕಂಪ್ಲೀಟ್" ಎಂಬ ಕಾಮೆಂಟ್ ಸಾಲು ಇರಲೇಬೇಕು. ಗಾತ್ರ ನಿನ್ನೆಯದಕ್ಕಿಂತ ಗಮನಾರ್ಹವಾಗಿ ಇಳಿದಿದ್ದರೆ ನಿಲ್ಲಿಸಿ, ಶೇ. 10 ಇಳಿಕೆ ನಮ್ಮ ಅಳತೆ, ನಿಮ್ಮ ಡೇಟಾ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ಇಷ್ಟಾದ ಮೇಲೆಯೇ ನಿಜವಾದ ಹೆಸರಿಗೆ ಬದಲಿಸುವುದು (ಎಂವಿ), ಎಸ್3ಗೆ ಅಪ್‌ಲೋಡ್, ಬಕೆಟ್‌ನಿಂದ ಗಾತ್ರ ವಾಪಸ್ ಕೇಳಿ ತಾಳೆ ನೋಡುವುದು, ಕೊನೆಗೆ ಹಳೆಯದರ ತೆರವು.

ಸ್ಕ್ರಿಪ್ಟ್ ಎಷ್ಟೇ ಗಟ್ಟಿಯಾದರೂ ಓಡದೇ ಇದ್ದ ಸ್ಕ್ರಿಪ್ಟ್ ದೂರು ಹೇಳಲಾರದು. ಯಂತ್ರವೇ ಆಫ್ ಆಗಿದ್ದರೆ ಮೇಲ್ ಯಾರು ಕಳಿಸಬೇಕು? ಆದ್ದರಿಂದ ಕಾವಲು ಬೇರೆ ಯಂತ್ರದಲ್ಲಿರಬೇಕು, ಅದು ಕಾಯಬೇಕಾದದ್ದು ಗೆಲುವಿನ ಸುದ್ದಿಗೆ. ಸುದ್ದಿ ಬಾರದಿದ್ದರೆ ಗಂಟೆ ಬಾರಿಸಬೇಕು. ಸರಳ ದಾರಿ, ಬಕೆಟ್ ಓದಬಲ್ಲ ಇನ್ನೊಂದು ಯಂತ್ರ ಕಳೆದ 26 ಗಂಟೆಯೊಳಗಿನ, ಕನಿಷ್ಠ ಗಾತ್ರ ಮೀರಿದ ಫೈಲ್ ಇದೆಯೇ ಎಂದು ನೋಡುವುದು. 24 ಎಂದಿಟ್ಟರೆ ಒಂದು ದಿನ ಡಂಪ್ ಹತ್ತು ನಿಮಿಷ ತಡವಾದರೂ ಅಲಾರಂ ಬರುತ್ತದೆ, ಸುಳ್ಳು ಅಲಾರಂ ನಾಲ್ಕು ಸಲ ಬಂದರೆ ಐದನೆಯದನ್ನು ಯಾರೂ ನೋಡುವುದಿಲ್ಲ. ಸ್ಥಳೀಯ ಡೈರೆಕ್ಟರಿಯಾದರೆ "ಫೈಂಡ್ -ಎಂಮಿನ್ -1560". ಫೈಂಡ್‌ನಲ್ಲಿ ಗಾತ್ರ ಕೊಡುವಾಗ ಎಚ್ಚರ: ಅದು ಮೇಲಕ್ಕೆ ದುಂಡಾಗಿಸುವುದರಿಂದ "-ಸೈಜ್ -1ಜಿ" ಅಂದರೆ ಒಂದು ಜಿಬಿಗಿಂತ ಚಿಕ್ಕದಲ್ಲ, ಪೂರ್ತಿ ಖಾಲಿ ಫೈಲ್ ಎಂದೇ ಅರ್ಥ.

ಪ್ರೊಮೀಥಿಯಸ್ (ಸರ್ವರ್‌ಗಳ ಅಂಕಿಅಂಶ ಕಾಯುವ ವ್ಯವಸ್ಥೆ) ಇದ್ದವರು ಪರೀಕ್ಷೆ ಪಾಸಾದ ಮೇಲಷ್ಟೇ ಕೊನೆಯ ಗೆಲುವಿನ ಸಮಯವನ್ನು ನೋಡ್ ಎಕ್ಸ್‌ಪೋರ್ಟರ್‌ನ ಟೆಕ್ಸ್ಟ್‌ಫೈಲ್ ಡೈರೆಕ್ಟರಿಗೆ ಬರೆಯಲಿ. ಈಗಿನ ಸಮಯದಿಂದ ಅದನ್ನು ಕಳೆದಾಗ 93,600 ಸೆಕೆಂಡು, ಅಂದರೆ 26 ಗಂಟೆ, ಮೀರಿದರೆ ಅಲರ್ಟ್. ಇಲ್ಲೂ ಒಂದು ಮೌನದ ಬಲೆ ಇದೆ. ಆ ಮೆಟ್ರಿಕ್ಕೇ ಮಾಯವಾದರೆ ಹೋಲಿಕೆಗೆ ಉತ್ತರವೇ ಬರದು, ಉತ್ತರ ಬರದಿದ್ದರೆ ಅಲರ್ಟ್ ಏಳದು. ಪಕ್ಕದಲ್ಲೇ "ಆ್ಯಬ್ಸೆಂಟ್" ಬಳಸಿದ ಎರಡನೇ ನಿಯಮ ಬರೆಯಿರಿ.

ಕ್ರಾನ್ ಬಿಟ್ಟು ಸಿಸ್ಟಮ್‌ಡಿ ಟೈಮರ್‌ಗೆ ಬದಲಾದರೆ ಸೋತ ಕೆಲಸ "ಸಿಸ್ಟಮ್‌ಸಿಟಿಎಲ್ --ಫೇಲ್ಡ್"ನಲ್ಲಿ ಕಾಣುತ್ತದೆ, "ಆನ್‌ಫೇಲ್ಯೂರ್" ಕೊಟ್ಟು ಬೇರೆ ಯೂನಿಟ್ ಎಬ್ಬಿಸಬಹುದು, ಔಟ್‌ಪುಟ್ ಜರ್ನಲ್‌ಗೆ ಹೋಗುತ್ತದೆ. ಕ್ರಾನ್‌ಗಿಂತ ಇದು ವಾಸಿ. ಆದರೆ ಹೊರಗಿನ ಕಾವಲಿಗೆ ಇದು ಬದಲಿಯಲ್ಲ.

ಗಿಟ್‌ಲ್ಯಾಬ್ ಮುಂದೆ ಮಾಡಿದ್ದು

ಬ್ಯಾಕಪ್‌ಗೆ ಒಬ್ಬ ಒಡೆಯ ಅಂತ ಇರಲಿಲ್ಲ, ಹಾಗಾಗಿ ಮರುಸ್ಥಾಪನೆಯನ್ನು ಪರೀಕ್ಷಿಸುವ ಹೊಣೆಯೂ ಯಾರದಾಗಿರಲಿಲ್ಲ ಎಂದು ಅವರ ವರದಿಯೇ ಒಪ್ಪಿಕೊಂಡಿತು. ನಂತರ ಎಲ್‌ವಿಎಂ ಸ್ನ್ಯಾಪ್‌ಶಾಟ್ ಗಂಟೆಗೊಮ್ಮೆ ಆಯಿತು, ಬ್ಯಾಕಪ್‌ಗಳ ಮೇಲೆ ಪ್ರೊಮೀಥಿಯಸ್ ಕಣ್ಣಿಟ್ಟಿತು, ಮರುಸ್ಥಾಪನೆಯ ಪರೀಕ್ಷೆಯನ್ನು ತಾನಾಗಿ ನಡೆಸುವ ಕೆಲಸ ಪಟ್ಟಿಗೆ ಸೇರಿತು. ಸರ್ವರ್‌ಗಳ ಪ್ರಾಂಪ್ಟ್‌ಗೆ ಬೇರೆ ಬೇರೆ ಬಣ್ಣ ಹಚ್ಚುವುದೂ ಆ ಪಟ್ಟಿಯಲ್ಲಿತ್ತು.

ಮರುಸ್ಥಾಪನೆಗೆ ಹಿಡಿದ ಸಮಯವನ್ನೂ ಗಮನಿಸಬೇಕು. ಸ್ನ್ಯಾಪ್‌ಶಾಟ್ ಕೈಯಲ್ಲಿದ್ದರೂ ಸ್ಟೇಜಿಂಗ್‌ನಿಂದ ಅದನ್ನು ಸಾಗಿಸಲು ಸುಮಾರು 18 ಗಂಟೆ ಬೇಕಾಯಿತು, ಏಕೆಂದರೆ ಅಲ್ಲಿನ ಅಗ್ಗದ ಡಿಸ್ಕ್‌ಗಳ ವೇಗ ಸೆಕೆಂಡಿಗೆ 60 ಮೆಗಾಬಿಟ್‌ನಷ್ಟಿತ್ತು. 300 ಜಿಬಿಯನ್ನು ಆ ವೇಗಕ್ಕೆ ಭಾಗಿಸಿದರೆ ಲೆಕ್ಕದಲ್ಲೇ 11 ಗಂಟೆ, ನಿಜದಲ್ಲಿ ಅದಕ್ಕಿಂತ ಹೆಚ್ಚೇ ಹಿಡಿಯಿತು. ನಿಮ್ಮ ಡಂಪ್ ಗಾತ್ರವನ್ನು ಇದೇ ರೀತಿ ಭಾಗಿಸಿ, ಅದರ ಮೇಲೆ ಇಂಡೆಕ್ಸ್ ಮರುಕಟ್ಟುವ ಸಮಯ ಕೂಡಿಸಿ. ತಿಂಗಳಿಗೊಮ್ಮೆ ಬಕೆಟ್‌ನಿಂದಲೇ ಇಳಿಸಿದ ಫೈಲನ್ನು ಖಾಲಿ ಯಂತ್ರಕ್ಕೆ ರಿಸ್ಟೋರ್ ಮಾಡಿ, ಎರಡು ಮೂರು ದೊಡ್ಡ ಟೇಬಲ್‌ಗಳಲ್ಲಿ ಅತಿ ಹೊಸ ದಾಖಲೆಯ ತಾರೀಖು ಯಾವುದೆಂದು ಬರೆದಿಡಿ. ಸಾಲುಗಳ ಸಂಖ್ಯೆ ಎಣಿಸುವುದಕ್ಕಿಂತ ಇದು ಬೇಗ ಮುಗಿಯುತ್ತದೆ, ಮೂರು ವಾರ ಹಳೆಯ ರೆಪ್ಲಿಕಾದಿಂದ ಡಂಪ್ ಬರುತ್ತಿದ್ದರೆ ಅದೂ ಸಿಕ್ಕಿಬೀಳುತ್ತದೆ.